ಫರ್ಗುಸನ್ ಬಿಟ್ಟ ಕುರ್ಚಿ: ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಡೇವಿಡ್ ಮಾಯ್ಸ್ ಕಳೆದ ಹತ್ತು ತಿಂಗಳು

2013ರ ಮೇ 8ರಂದು ಸರ್ ಅಲೆಕ್ಸ್ ಫರ್ಗುಸನ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಹುದ್ದೆಯಿಂದ ನಿವೃತ್ತರಾಗುವುದಾಗಿ ಪ್ರಕಟಿಸಿದರು. ಇಪ್ಪತ್ತಾರೂವರೆ ವರ್ಷ ಒಬ್ಬರೇ ಕೂತಿದ್ದ ಆ ಕುರ್ಚಿಗೆ ಯಾರು ಬರುತ್ತಾರೆ ಎಂಬ ಚರ್ಚೆ ಒಂದು ದಿನವೂ ನಡೆಯಲಿಲ್ಲ. ಮರುದಿನವೇ ಕ್ಲಬ್ಬು, ಎವರ್ಟನ್ ತಂಡದ ಮ್ಯಾನೇಜರ್ ಡೇವಿಡ್ ಮಾಯ್ಸ್ ಅವರ ಹೆಸರನ್ನು ಘೋಷಿಸಿತು. ಮಾಯ್ಸ್‌ಗೆ ಆಗ ಐವತ್ತು ವರ್ಷ. ಕೊಟ್ಟ ಒಪ್ಪಂದ ಆರು ವರ್ಷಗಳದು. ಜುಲೈ 1ರಂದು ಅಧಿಕಾರ ವಹಿಸಿಕೊಂಡ ಅವರನ್ನು 2014ರ ಏಪ್ರಿಲ್ 22ರಂದು, ಋತುವಿನ ನಾಲ್ಕು ಲೀಗ್ ಪಂದ್ಯಗಳು ಇನ್ನೂ ಬಾಕಿ ಇರುವಾಗಲೇ, ಕ್ಲಬ್ಬು ತೆಗೆದುಹಾಕಿತು.

ಈ ಘಟನೆಯನ್ನು ಮಾತನಾಡುವವರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಮುಗಿಸಿಬಿಡುತ್ತಾರೆ. ಸಣ್ಣ ಕ್ಲಬ್ಬಿನ ಮನುಷ್ಯನಿಗೆ ದೊಡ್ಡ ಕ್ಲಬ್ಬಿನ ಭಾರ ಹೊರಲಾಗಲಿಲ್ಲ ಎನ್ನುವುದು ಒಂದು. ಫರ್ಗುಸನ್ ನಂತರ ಯಾರೇ ಬಂದಿದ್ದರೂ ಇದೇ ಗತಿಯಾಗುತ್ತಿತ್ತು ಎನ್ನುವುದು ಇನ್ನೊಂದು. ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಎರಡೂ ಅರೆಬರೆ ಉತ್ತರಗಳೆಂದು ನನಗೆ ಅನ್ನಿಸುತ್ತದೆ. ಮಾಯ್ಸ್ ಮಾಡಿದ ತಪ್ಪುಗಳು ನಿಜವಾದವು, ಅವನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಒಂದೇ ಬೇಸಿಗೆಯಲ್ಲಿ ಮ್ಯಾನೇಜರ್, ಮುಖ್ಯ ಕಾರ್ಯನಿರ್ವಾಹಕ ಮತ್ತು ತರಬೇತುದಾರರ ಬಳಗ ಎಲ್ಲವನ್ನೂ ಒಟ್ಟಿಗೆ ಬದಲಾಗಲು ಬಿಟ್ಟು, ಅಲ್ಲಿನ ಕೆಲಸದ ಒಳಗುಟ್ಟು ತಿಳಿದ ಒಬ್ಬರನ್ನೂ ಉಳಿಸಿಕೊಳ್ಳದೆ, ಸರಿಯಾದ ಒಬ್ಬ ವ್ಯಕ್ತಿಯನ್ನು ಆರಿಸಿದರೆ ಉಳಿದದ್ದು ತಾನೇ ನಡೆಯುತ್ತದೆಂದು ನಂಬಿದ ಆಡಳಿತದ ತಪ್ಪು ಅದಕ್ಕಿಂತ ದೊಡ್ಡದು.

ಗ್ಲಾಸ್ಗೋದಿಂದ ಗುಡಿಸನ್ ಪಾರ್ಕ್‌ವರೆಗೆ

ಮಾಯ್ಸ್ ಹುಟ್ಟಿದ್ದು 1963ರ ಏಪ್ರಿಲ್‌ನಲ್ಲಿ, ಗ್ಲಾಸ್ಗೋದಲ್ಲಿ. ಅವರ ತಂದೆ ಅಲ್ಲಿನ ಡ್ರಮ್‌ಚಾಪೆಲ್ ಅಮೆಚೂರ್ ಎಂಬ ಹವ್ಯಾಸಿ ಕ್ಲಬ್ಬಿನಲ್ಲಿ ಹುಡುಗರಿಗೆ ತರಬೇತಿ ಕೊಡುತ್ತಿದ್ದವರು. ಗೋವನ್‌ನ ಹಡಗುಕಟ್ಟೆಗಳ ಪಕ್ಕದಲ್ಲಿ ಬೆಳೆದ ಫರ್ಗುಸನ್ ಕೂಡ ಹುಡುಗನಾಗಿದ್ದಾಗ ಅದೇ ಕ್ಲಬ್ಬಿಗೆ ಆಡಿದ್ದರು. ಯುನೈಟೆಡ್‌ನ ಇನ್ನೊಬ್ಬ ಮಹಾನ್ ಮ್ಯಾನೇಜರ್ ಮ್ಯಾಟ್ ಬಸ್ಬಿ ಅಲ್ಲಿಗೆ ದೂರವಲ್ಲದ ಲ್ಯಾನಾರ್ಕ್‌ಶೈರ್‌ನ ಗಣಿ ಪ್ರದೇಶದವರು. ಸ್ಕಾಟ್ಲೆಂಡಿನ ಪಶ್ಚಿಮ ಭಾಗದ ಶ್ರಮಿಕ ಕುಟುಂಬದಿಂದ ಬಂದ, ಶಿಸ್ತಿನ, ಮಾತು ಕಡಿಮೆ, ಕೆಲಸ ಹೆಚ್ಚು ಎನ್ನುವ ಮನುಷ್ಯ ಈ ಕ್ಲಬ್ಬಿಗೆ ಸರಿಹೊಂದುತ್ತಾನೆ ಎಂಬ ನಂಬಿಕೆ ಆಯ್ಕೆಯ ಹಿಂದೆ ಕೆಲಸ ಮಾಡಿರಬೇಕು. ಹುಟ್ಟೂರು ಒಂದೇ ಆದ ಮಾತ್ರಕ್ಕೆ ಇಬ್ಬರ ಕೆಲಸದ ರೀತಿಯೂ ಒಂದೇ ಆಗಿರುವುದಿಲ್ಲ. ಆದರೆ 2013ರ ಮೇ ತಿಂಗಳಲ್ಲಿ ಬಹಳ ಮಂದಿ ಹಾಗೆಂದುಕೊಂಡರು.

ಆಟಗಾರನಾಗಿ ಮಾಯ್ಸ್ ಸೆಲ್ಟಿಕ್‌ನಲ್ಲಿ ಆರಂಭಿಸಿ, ಇಂಗ್ಲೆಂಡಿನ ಕೆಳಗಿನ ವಿಭಾಗಗಳ ಹಲವು ಕ್ಲಬ್ಬುಗಳಲ್ಲಿ ಡಿಫೆಂಡರ್ ಆಗಿ ದುಡಿದವರು. 1998ರ ಜನವರಿಯಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ತಂಡದ ಮ್ಯಾನೇಜರ್ ಆದಾಗ ಅದು ಮೂರನೆಯ ವಿಭಾಗದಿಂದಲೂ ಕೆಳಗಿಳಿಯುವ ಅಪಾಯದಲ್ಲಿತ್ತು. 2000ದಲ್ಲಿ ಆ ವಿಭಾಗವನ್ನೇ ಗೆದ್ದು ಮೇಲೆ ಬಂದ ತಂಡ ಮರುವರ್ಷ ಅತ್ಯುನ್ನತ ವಿಭಾಗವಾದ ಪ್ರೀಮಿಯರ್ ಲೀಗ್‌ಗೆ ಒಂದೇ ಪಂದ್ಯದಷ್ಟು ದೂರದಲ್ಲಿತ್ತು; ಪ್ಲೇ ಆಫ್ ಫೈನಲ್‌ನಲ್ಲಿ ಬೋಲ್ಟನ್ ಎದುರು 3-0 ಅಂತರದಲ್ಲಿ ಸೋತಿತು.

2002ರ ಮಾರ್ಚ್‌ನಲ್ಲಿ ಇನ್ನೊಬ್ಬ ಸ್ಕಾಟಿಷ್ ಮ್ಯಾನೇಜರ್ ವಾಲ್ಟರ್ ಸ್ಮಿತ್ ಅವರ ಜಾಗಕ್ಕೆ ಗುಡಿಸನ್ ಪಾರ್ಕ್ ಅಂಗಳದ ಎವರ್ಟನ್ ಮಾಯ್ಸ್ ಅವರನ್ನು ಕರೆಯಿತು. ಅಲ್ಲಿನ ಹನ್ನೊಂದು ವರ್ಷಗಳು ಅವರ ಶಕ್ತಿ ಮತ್ತು ಮಿತಿ ಎರಡನ್ನೂ ಸ್ಪಷ್ಟವಾಗಿ ತೋರಿಸುತ್ತವೆ. ಹಣವಿಲ್ಲದ ಕ್ಲಬ್ಬು ಅದು. 2004ರ ಆಗಸ್ಟ್‌ನಲ್ಲಿ ತನ್ನ ಊರಿನ ಹುಡುಗ ವೇಯ್ನ್ ರೂನಿಯನ್ನು ಯುನೈಟೆಡ್‌ಗೆ ಮಾರಬೇಕಾಗಿ ಬಂದಾಗ, ಹಿಂದಿನ ಋತುವಿನಲ್ಲಿ 17ನೇ ಸ್ಥಾನಕ್ಕೆ ಕುಸಿದಿದ್ದ ತಂಡದ ಗತಿ ಇನ್ನು ಮುಗಿಯಿತೆಂದೇ ಎಲ್ಲರೂ ಭಾವಿಸಿದ್ದರು. ಆ ಋತುವಿನಲ್ಲಿಯೇ ಮಾಯ್ಸ್ ಎವರ್ಟನ್‌ಗೆ ನಾಲ್ಕನೆಯ ಸ್ಥಾನ ತಂದುಕೊಟ್ಟರು. ಐರ್ಲೆಂಡಿನ ಸ್ಲೈಗೊ ರೋವರ್ಸ್‌ನಿಂದ 60,000 ಪೌಂಡಿಗೆ ಕೊಂಡ ಷೇಮಸ್ ಕೋಲ್‌ಮನ್ ದಶಕಕ್ಕೂ ಮೀರಿ ಆ ತಂಡದ ಬಲಬದಿಯನ್ನು ಕಾದರು. ಆಟಗಾರನನ್ನು ಹಲವು ಬಾರಿ, ಹಲವು ಕಣ್ಣುಗಳಿಂದ ನೋಡಿಸಿ, ಆತುರವಿಲ್ಲದೆ ಕೊಳ್ಳುವುದು ಮಾಯ್ಸ್ ಅವರ ಪದ್ಧತಿ. ಲೀಗ್ ಮ್ಯಾನೇಜರುಗಳ ಸಂಘ ಅವರಿಗೆ ವರ್ಷದ ಮ್ಯಾನೇಜರ್ ಪ್ರಶಸ್ತಿಯನ್ನು ಮೂರು ಬಾರಿ ಕೊಟ್ಟಿತು.

ಆದರೆ ಆ ಹನ್ನೊಂದು ವರ್ಷಗಳಲ್ಲಿ ಒಂದು ಟ್ರೋಫಿಯೂ ಬರಲಿಲ್ಲ. 2009ರ ಎಫ್‌ಎ ಕಪ್ ಫೈನಲ್‌ನಲ್ಲಿ ಮೊದಲ ಅರ್ಧ ನಿಮಿಷದೊಳಗೇ ಗೋಲು ಹೊಡೆದೂ ಚೆಲ್ಸಿಗೆ 2-1ರಿಂದ ಸೋತರು. ಯುನೈಟೆಡ್‌ನ ಓಲ್ಡ್ ಟ್ರಾಫರ್ಡ್, ಲಿವರ್‌ಪೂಲ್‌ನ ಆನ್‌ಫೀಲ್ಡ್, ಚೆಲ್ಸಿಯ ಸ್ಟ್ಯಾಮ್‌ಫರ್ಡ್ ಬ್ರಿಜ್ ಮತ್ತು ಆರ್ಸೆನಲ್ ಅಂಗಳಗಳಲ್ಲಿ ಅವರ ಎವರ್ಟನ್ ಒಂದು ಲೀಗ್ ಪಂದ್ಯವನ್ನೂ ಗೆಲ್ಲಲಿಲ್ಲ. ಬಲಾಢ್ಯರ ಮನೆಗೆ ಹೋದಾಗ ಮೊದಲು ಸೋಲದಂತೆ ನೋಡಿಕೊಳ್ಳಬೇಕು ಎಂಬ ಎಚ್ಚರಿಕೆ ಅಲ್ಲಿ ಅಭ್ಯಾಸವಾಗಿ ಕೂತಿತ್ತು. ಆ ಎಚ್ಚರಿಕೆಯೇ ಎವರ್ಟನ್ ಅನ್ನು ಅವರ ಕೊನೆಯ ಏಳು ಋತುಗಳಲ್ಲಿ ಮೇಲಿನ ಎಂಟರೊಳಗೆ ಇರಿಸಿದ್ದೂ ನಿಜ.

ಕೈಗೆ ಬಂದದ್ದೇನು

ಹೊರಗಿನಿಂದ ನೋಡಿದರೆ ಮಾಯ್ಸ್‌ಗೆ ಸಿಕ್ಕಿದ್ದು ಚಾಂಪಿಯನ್ ತಂಡ. 2012-13ರಲ್ಲಿ ಯುನೈಟೆಡ್ 89 ಅಂಕ ಗಳಿಸಿ, ಎರಡನೆಯ ಸ್ಥಾನದ ಮ್ಯಾಂಚೆಸ್ಟರ್ ಸಿಟಿಗಿಂತ 11 ಅಂಕ ಮುಂದೆ ನಿಂತು ಲೀಗ್ ಗೆದ್ದಿತ್ತು. ಒಳಗಿನ ಲೆಕ್ಕ ಬೇರೆ. ಆ ಗೆಲುವಿನಲ್ಲಿ ರಾಬಿನ್ ವಾನ್ ಪರ್ಸಿ ಅವರ 26 ಲೀಗ್ ಗೋಲುಗಳ ಪಾಲು ಬಹಳ ದೊಡ್ಡದು, ಮತ್ತು 2013ರ ಆಗಸ್ಟ್‌ನಲ್ಲಿ ಅವರಿಗೆ ಮೂವತ್ತು ತುಂಬಿತು. ಹಿಂಬದಿಯಲ್ಲಿ ರಿಯೊ ಫರ್ಡಿನಾಂಡ್‌ಗೆ 34, ಪ್ಯಾಟ್ರಿಸ್ ಎವ್ರಾಗೆ 32, ನೆಮಾಂಜಾ ವಿಡಿಚ್‌ಗೆ 31. ನಡುವೆ ಮೈಕಲ್ ಕ್ಯಾರಿಕ್‌ಗೆ 32, ರಯಾನ್ ಗಿಗ್ಸ್‌ಗೆ 39. ಪಾಲ್ ಸ್ಕೋಲ್ಸ್ ಆಟ ನಿಲ್ಲಿಸಿದ್ದರು. ತನ್ನನ್ನು ಚೆಲ್ಸಿಗೆ ಕೊಡುತ್ತಾರೋ ಇಲ್ಲವೋ ಎಂಬ ಗೊಂದಲದಲ್ಲಿ ರೂನಿಯ ಬೇಸಿಗೆ ಕಳೆಯಿತು. ಇಂಥ ತಂಡವನ್ನು ಫರ್ಗುಸನ್ ಗೆಲ್ಲಿಸುತ್ತಿದ್ದುದು ಪ್ರತಿಯೊಬ್ಬನಿಂದ ಯಾವಾಗ ಎಷ್ಟು ಕೆಲಸ ತೆಗೆಯಬೇಕೆಂಬ ಇಪ್ಪತ್ತು ವರ್ಷಗಳ ಒಳ ಅರಿವಿನಿಂದ. ಆ ಅರಿವು ಯಾವ ಕಡತದಲ್ಲೂ ಬರೆದಿಟ್ಟದ್ದಲ್ಲ. ಅದು ಕೆಲವು ಜನರ ತಲೆಯಲ್ಲಿತ್ತು.

ಆ ಜನರೇ ಹೊರಟುಹೋದರು. ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ಗಿಲ್ ಫರ್ಗುಸನ್ ಜೊತೆಯಲ್ಲೇ ಹುದ್ದೆ ಬಿಟ್ಟರು. ಆಟಗಾರರ ವರ್ಗಾವಣೆಯ ಮಾತುಕತೆಗಳಲ್ಲಿ ಪಳಗಿದ್ದ ಅವರ ಜಾಗಕ್ಕೆ ಬಂದ ಎಡ್ ವುಡ್‌ವರ್ಡ್ ಬ್ಯಾಂಕಿಂಗ್ ಕ್ಷೇತ್ರದಿಂದ ಬಂದು, ಕ್ಲಬ್ಬಿನ ವಾಣಿಜ್ಯ ವ್ಯವಹಾರವನ್ನು ಬೆಳೆಸಿದ್ದವರು. ಆಟಗಾರರನ್ನು ಕೊಳ್ಳುವ ಕೆಲಸಕ್ಕೆ ಹೊಸಬರು. ಇತ್ತ ಮಾಯ್ಸ್ ತಮ್ಮ ಎವರ್ಟನ್ ಸಹಾಯಕರಾದ ಸ್ಟೀವ್ ರೌಂಡ್, ಜಿಮ್ಮಿ ಲಮ್ಸ್‌ಡೆನ್ ಮತ್ತು ಕ್ರಿಸ್ ವುಡ್ಸ್ ಅವರನ್ನು ಕರೆತಂದರು. ಫರ್ಗುಸನ್ ಬಳಗದ ಮೈಕ್ ಫೀಲನ್, ರೆನೆ ಮ್ಯೂಲೆನ್‌ಸ್ಟೀನ್ ಮತ್ತು ಗೋಲ್‌ಕೀಪರ್ ಕೋಚ್ ಎರಿಕ್ ಸ್ಟೀಲ್ ಹೊರಬಿದ್ದರು. ಗಿಗ್ಸ್ ಮತ್ತು ಫಿಲ್ ನೆವಿಲ್ ಅವರನ್ನು ತರಬೇತುದಾರರನ್ನಾಗಿ ಸೇರಿಸಿಕೊಂಡದ್ದು ಹಳೆಯ ಕೊಂಡಿಯನ್ನು ಉಳಿಸುವ ಪ್ರಯತ್ನವೇ. ಆದರೆ ಇಬ್ಬರೂ ಆ ಕೆಲಸಕ್ಕೆ ಹೊಸಬರು.

ಹೊಸ ಮ್ಯಾನೇಜರ್ ತನ್ನವರನ್ನು ಕರೆತರುವುದು ಫುಟ್‌ಬಾಲ್‌ನಲ್ಲಿ ರೂಢಿ. ಆದರೂ ಈ ಪ್ರಕರಣದಲ್ಲಿ ಮಾಯ್ಸ್ ಮಾಡಿದ ಅತಿ ದುಬಾರಿ ತಪ್ಪು ಇದೇ ಎಂದು ನಾನು ತಿಳಿಯುತ್ತೇನೆ. ಕೆಳಗೆ ಬಿದ್ದ ತಂಡವನ್ನು ಎತ್ತಲು ಬಂದವನಿಗೆ ಹಳೆಯದನ್ನು ಒಡೆಯುವ ಅಗತ್ಯವಿರುತ್ತದೆ. ಗೆದ್ದ ತಂಡಕ್ಕೆ ಬಂದವನಿಗೆ ಅದು ಹೇಗೆ ಗೆದ್ದಿತೆಂದು ಹೇಳಿಕೊಡುವ ಒಬ್ಬನಾದರೂ ಪಕ್ಕದಲ್ಲಿರಬೇಕು. ಆಡಳಿತ ಮಂಡಳಿ ಈ ಮಾತನ್ನು ಒತ್ತಿ ಹೇಳಿ, ಒಂದು ವರ್ಷದ ಮಟ್ಟಿಗಾದರೂ ಹಳೆಯ ಕೋಚ್‌ಗಳಲ್ಲಿ ಒಬ್ಬರನ್ನು ಉಳಿಸಬಹುದಿತ್ತು.

ಆಟಗಾರರನ್ನು ಕೊಳ್ಳುವ ವಿಚಾರದಲ್ಲಿ ಹೊಸ ಮ್ಯಾನೇಜರ್ ಮತ್ತು ಹೊಸ ಕಾರ್ಯನಿರ್ವಾಹಕ ಇಬ್ಬರ ಅನನುಭವವೂ ಒಂದಕ್ಕೊಂದು ಸೇರಿಕೊಂಡಿತು. ಜುಲೈನಲ್ಲಿ ತಂಡ ಆಸ್ಟ್ರೇಲಿಯಾ ಪ್ರವಾಸದಲ್ಲಿದ್ದಾಗ ವುಡ್‌ವರ್ಡ್ ವರ್ಗಾವಣೆಯ ತುರ್ತು ಕೆಲಸವಿದೆಯೆಂದು ಹಿಂದಿರುಗಿದರು. ಯುನೈಟೆಡ್ ಬಯಸಿದ್ದ ಆಟಗಾರರಲ್ಲಿ ಥಿಯಾಗೊ ಜರ್ಮನಿಯ ಬಾಯರ್ನ್‌ಗೆ ಹೋದರು, ಸೆಸ್ಕ್ ಫಾಬ್ರೆಗಾಸ್ ಬಾರ್ಸಿಲೋನಾದಲ್ಲೇ ಉಳಿದರು, ಆಂಡರ್ ಹೆರೆರಾ ವ್ಯವಹಾರ ಕೊನೆಯ ದಿನ ಮುರಿದುಬಿತ್ತು. ಅಂತಿಮವಾಗಿ ಬಂದವರು ಎವರ್ಟನ್‌ನ ಮರುವಾನ್ ಫೆಲ್ಲೈನಿ. ಜುಲೈ ಕೊನೆಯವರೆಗೆ ಒಪ್ಪಂದದ ಷರತ್ತಿನ ಪ್ರಕಾರ 2.35 ಕೋಟಿ ಪೌಂಡಿಗೆ ಸಿಗುತ್ತಿದ್ದ ಅದೇ ಆಟಗಾರನಿಗೆ, ಮಾರುಕಟ್ಟೆ ಮುಚ್ಚುವ ಕೊನೆಯ ಗಂಟೆಗಳಲ್ಲಿ 2.75 ಕೋಟಿ ಪೌಂಡ್ ತೆರಬೇಕಾಯಿತು. ಹಲವು ಕಣ್ಣುಗಳಿಂದ ನೋಡಿಸಿ ನಿಧಾನವಾಗಿ ಕೊಳ್ಳುವ ಎವರ್ಟನ್ ಪದ್ಧತಿ ಇಲ್ಲಿ ಹಿಡಿಯಲಿಲ್ಲ. ಜನವರಿಯಲ್ಲಿ 3.71 ಕೋಟಿ ಪೌಂಡ್ ಕೊಟ್ಟು ಹುವಾನ್ ಮಾಟಾ ಅವರನ್ನು ತಂದಾಗ ಆ ಋತು ಕೈತಪ್ಪಿಯಾಗಿತ್ತು.

ಮೈದಾನದಲ್ಲಿ

ಆರಂಭ ಕೆಟ್ಟದಾಗಿರಲಿಲ್ಲ. ಋತು ತೆರೆಯುವ ಕಮ್ಯೂನಿಟಿ ಶೀಲ್ಡ್ ಪಂದ್ಯದಲ್ಲಿ ವಿಗಾನ್ ಎದುರು 2-0, ಮೊದಲ ಲೀಗ್ ಪಂದ್ಯದಲ್ಲಿ ಸ್ವಾನ್ಸಿಯಲ್ಲಿ 4-1. ಯುರೋಪಿನ ಅಗ್ರ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಜರ್ಮನಿಯ ಲೆವರ್‌ಕೂಸೆನ್ ತಂಡವನ್ನು ಅದರ ಅಂಗಳದಲ್ಲೇ 5-0ರಿಂದ ಸೋಲಿಸಿದ ನವೆಂಬರ್ ರಾತ್ರಿ, ಎಲ್ಲವೂ ಸರಿಹೋಗುತ್ತಿದೆ ಎಂದೇ ಕಂಡಿತ್ತು. ಹದಿಹರೆಯದ ಅದ್ನಾನ್ ಯಾನುಜಾಯ್‌ಗೆ ಅವಕಾಶ ಕೊಟ್ಟ ಧೈರ್ಯವೂ ಮಾಯ್ಸ್ ಅವರದೇ.

ಕುಸಿದದ್ದು ಓಲ್ಡ್ ಟ್ರಾಫರ್ಡ್‌ನಲ್ಲಿ. ಡಿಸೆಂಬರ್ 4ರಂದು ಎವರ್ಟನ್ ಅಲ್ಲಿಗೆ ಬಂದು 1-0ರಿಂದ ಗೆದ್ದಿತು. ಮಾಯ್ಸ್ ಹನ್ನೊಂದು ವರ್ಷ ಯತ್ನಿಸಿ ಪಡೆಯಲಾಗದ ಗೆಲುವನ್ನು ಅವರ ನಂತರ ಬಂದ ರೊಬೆರ್ಟೊ ಮಾರ್ಟಿನೆಸ್ ಮೊದಲ ಭೇಟಿಯಲ್ಲೇ ಪಡೆದರು. ಮೂರು ದಿನಗಳ ನಂತರ ನ್ಯೂಕ್ಯಾಸಲ್ 1972ರ ಬಳಿಕ ಮೊದಲ ಬಾರಿಗೆ ಆ ಅಂಗಳದಲ್ಲಿ ಜಯಿಸಿತು. ಜನವರಿಯ ಮೊದಲ ವಾರದಲ್ಲೇ ಟಾಟನ್‌ಹ್ಯಾಮ್, ಎಫ್‌ಎ ಕಪ್‌ನಲ್ಲಿ ಸ್ವಾನ್ಸಿ, ಲೀಗ್ ಕಪ್ ಸೆಮಿಫೈನಲ್‌ನ ಮೊದಲ ಚರಣದಲ್ಲಿ ಸಂಡರ್‌ಲ್ಯಾಂಡ್ ಎದುರು ಸತತ ಮೂರು ಸೋಲು. ಆ ಸೆಮಿಫೈನಲ್‌ನ ಎರಡನೆಯ ಚರಣ ಪೆನಾಲ್ಟಿಗಳಿಗೆ ಹೋದಾಗ ಯುನೈಟೆಡ್‌ನ ಐವರಲ್ಲಿ ನಾಲ್ವರು ಗುರಿ ತಪ್ಪಿದರು.

ಸೋಲುಗಳ ಪಟ್ಟಿಗಿಂತ ಹೆಚ್ಚು ಹೇಳುವುದು ತವರು ಮತ್ತು ಹೊರಗಿನ ಲೆಕ್ಕ. ಮಾಯ್ಸ್ ನೇತೃತ್ವದ 34 ಲೀಗ್ ಪಂದ್ಯಗಳಲ್ಲಿ ಹೊರಗಿನ ಅಂಗಳಗಳಲ್ಲಿ ಆಡಿದ್ದು 18, ಗೆದ್ದದ್ದು 10. ತವರಿನಲ್ಲಿ ಆಡಿದ್ದು 16, ಗೆದ್ದದ್ದು 7, ಸೋತದ್ದು 6. ಹಿಂದಿನ ವರ್ಷ ಇಡೀ ಋತುವಿನಲ್ಲಿ ತವರಿನ ಸೋಲು ಮೂರೇ. ಎದುರಾಳಿ ಮುನ್ನುಗ್ಗಿ ಬಂದು ಹಿಂದೆ ಜಾಗ ಬಿಟ್ಟುಕೊಟ್ಟಲ್ಲಿ ಈ ತಂಡ ಗೆಲ್ಲುತ್ತಿತ್ತು. ಎದುರಾಳಿ ತನ್ನ ಪೆನಾಲ್ಟಿ ಆವರಣದೊಳಗೆ ಗೋಡೆ ಕಟ್ಟಿ ನಿಂತಲ್ಲಿ ಏನು ಮಾಡಬೇಕೆಂದು ಅದಕ್ಕೆ ತಿಳಿಯುತ್ತಿರಲಿಲ್ಲ. ಎವರ್ಟನ್ ಎದುರು ಹಾಗೆ ಗೋಡೆ ಕಟ್ಟುವವರು ಕಡಿಮೆ, ಓಲ್ಡ್ ಟ್ರಾಫರ್ಡ್‌ಗೆ ಬರುವವರಲ್ಲಿ ಹೆಚ್ಚಿನವರು ಅದನ್ನೇ ಮಾಡುತ್ತಾರೆ. ಮಾಯ್ಸ್ ಅವರ ಹನ್ನೊಂದು ವರ್ಷಗಳ ಅನುಭವದಲ್ಲಿ ಈ ಪ್ರಶ್ನೆ ಅಷ್ಟಾಗಿ ಎದುರಾಗಿರಲೇ ಇಲ್ಲ.

ಫೆಬ್ರವರಿ 9ರ ಫುಲಮ್ ಪಂದ್ಯದಲ್ಲಿ ಇದೆಲ್ಲ ಒಂದೇ ಮಧ್ಯಾಹ್ನದಲ್ಲಿ ಕಣ್ಣಿಗೆ ಕಟ್ಟುವಂತೆ ನಡೆಯಿತು. ಫುಲಮ್ ಅಂದು ಪಟ್ಟಿಯ ಕಟ್ಟಕಡೆಯ ತಂಡ. ಅದರ ಮ್ಯಾನೇಜರ್ ಬೇರೆ ಯಾರೂ ಅಲ್ಲ, ಎಂಟು ತಿಂಗಳ ಹಿಂದೆ ಯುನೈಟೆಡ್ ಬಿಟ್ಟುಹೋಗಿದ್ದ ರೆನೆ ಮ್ಯೂಲೆನ್‌ಸ್ಟೀನ್. 19ನೇ ನಿಮಿಷದಲ್ಲಿ ಸ್ಟೀವ್ ಸಿಡ್‌ವೆಲ್ ಗೋಲು ಹೊಡೆದ ಮೇಲೆ ಫುಲಮ್ ಇಡಿಯಾಗಿ ಹಿಂದಕ್ಕೆ ಸರಿದು ನಿಂತಿತು. ಯುನೈಟೆಡ್‌ಗೆ ಉಳಿದ ದಾರಿ ಒಂದೇ ಎಂಬಂತೆ, ಚೆಂಡು ಬದಿಗೆ ಹೋಗುತ್ತಿತ್ತು, ಬದಿಯಿಂದ ಗೋಲಿನ ಮುಂದಕ್ಕೆ ಕ್ರಾಸ್ ಆಗಿ ಬರುತ್ತಿತ್ತು, ಎತ್ತರದ ಡಿಫೆಂಡರುಗಳ ತಲೆಗೆ ಬಡಿದು ಹೊರಬರುತ್ತಿತ್ತು, ಮತ್ತೆ ಬದಿಗೆ ಹೋಗುತ್ತಿತ್ತು. ಆ ಒಂದು ಪಂದ್ಯದಲ್ಲಿ ಯುನೈಟೆಡ್ ಎಂಬತ್ತಕ್ಕೂ ಹೆಚ್ಚು ಕ್ರಾಸ್ ಹಾಕಿತು. ಕೊನೆಗೆ 78 ಮತ್ತು 80ನೇ ನಿಮಿಷಗಳಲ್ಲಿ ವಾನ್ ಪರ್ಸಿ, ಕ್ಯಾರಿಕ್ ಗೋಲು ಹೊಡೆದು ಮುನ್ನಡೆ ಕೊಟ್ಟರು. ಹೆಚ್ಚುವರಿ ಸಮಯದಲ್ಲಿ ಡ್ಯಾರೆನ್ ಬೆಂಟ್ ತಲೆಯಿಂದ ಗೋಲು ಹೊಡೆದು 2-2 ಮಾಡಿದರು. ಕೆಳಗಿನ ವಿಭಾಗದಲ್ಲಿ ಆಡುತ್ತಿದ್ದ ದಿನಗಳ ನಂತರ ಇಷ್ಟೊಂದು ಚೆಂಡುಗಳನ್ನು ತಲೆಯಿಂದ ಹೊಡೆದಿರಲಿಲ್ಲ ಎಂಬರ್ಥದ ಮಾತನ್ನು ಫುಲಮ್‌ನ ಡಿಫೆಂಡರ್ ಡ್ಯಾನ್ ಬರ್ನ್ ಪಂದ್ಯದ ಬಳಿಕ ಆಡಿದರು. ಯುನೈಟೆಡ್‌ನ ಆಟ ಎಷ್ಟು ಮೊದಲೇ ಊಹಿಸಬಹುದಾದ್ದಾಗಿತ್ತು ಎಂಬುದನ್ನು ಆ ಮಾತಿಗಿಂತ ಚೆನ್ನಾಗಿ ಯಾವ ಅಂಕಿಅಂಶವೂ ಹೇಳಲಾರದು.

ಮಾತಿನಲ್ಲೂ ಮಾಯ್ಸ್ ಹಿಂಜರಿದರು. ಮಾರ್ಚ್‌ನಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ಸಿಟಿ, ಒಂದರ ಹಿಂದೆ ಒಂದರಂತೆ, ಓಲ್ಡ್ ಟ್ರಾಫರ್ಡ್‌ನಲ್ಲೇ 3-0ರಿಂದ ಸೋಲಿಸಿ ಹೋದವು. ಸಿಟಿಯ ಮಟ್ಟಕ್ಕೆ ಏರುವುದೇ ತಮ್ಮ ಹಂಬಲವಾಗಬೇಕು ಎಂಬಂತೆ ಅವರು ಆಗ ಮಾತಾಡಿದರು. ಅದು ಪ್ರಾಮಾಣಿಕ ಮಾತೇ. ಎವರ್ಟನ್‌ನಲ್ಲಿ ಅಂಥ ಪ್ರಾಮಾಣಿಕತೆ ತಂಡದ ಮೇಲಿನ ಭಾರವನ್ನು ಇಳಿಸುತ್ತಿತ್ತು. ಹತ್ತು ತಿಂಗಳ ಹಿಂದೆ ಅದೇ ಸಿಟಿಯನ್ನು 11 ಅಂಕ ಹಿಂದಿಕ್ಕಿದ್ದ ಆಟಗಾರರ ಕಿವಿಗೆ ಅದು ಬೇರೆಯೇ ಆಗಿ ಕೇಳಿಸಿರಬೇಕು.

ಬೀಳ್ಕೊಡದ ಬೀಳ್ಕೊಡುಗೆ

ಅಭಿಮಾನಿಗಳು ಬೇಗ ಕೈಬಿಡಲಿಲ್ಲ ಎನ್ನುವುದನ್ನು ಇಲ್ಲಿ ದಾಖಲಿಸಬೇಕು. ಹೊಸ ಮ್ಯಾನೇಜರನ ಬೆನ್ನಿಗೆ ನಿಲ್ಲಬೇಕೆಂದು ಫರ್ಗುಸನ್ ತಮ್ಮ ಕೊನೆಯ ತವರು ಪಂದ್ಯದ ನಂತರ ಮೈದಾನದಲ್ಲಿ ನಿಂತು ಕೇಳಿಕೊಂಡಿದ್ದರು, ಮತ್ತು ಓಲ್ಡ್ ಟ್ರಾಫರ್ಡ್‌ನ ಬಹುಪಾಲು ಜನ ಆ ಮಾತನ್ನು ಚಳಿಗಾಲದುದ್ದಕ್ಕೂ ಉಳಿಸಿಕೊಂಡರು. ಮಾರ್ಚ್ 29ರಂದು ಕೆಲವರು ಮಾಯ್ಸ್ ಹೊರಹೋಗಲಿ ಎಂಬ ಬ್ಯಾನರ್ ಕಟ್ಟಿದ ಸಣ್ಣ ವಿಮಾನವನ್ನು ಮೈದಾನದ ಮೇಲೆ ಹಾರಿಸಿದಾಗ, ಕೆಳಗಿದ್ದ ಪ್ರೇಕ್ಷಕರಲ್ಲಿ ಅನೇಕರು ಮ್ಯಾನೇಜರ್ ಪರವಾಗಿಯೇ ಚಪ್ಪಾಳೆ ತಟ್ಟಿದರು. ತಂಡ ಅಂದು ಆಸ್ಟನ್ ವಿಲ್ಲಾ ಎದುರು 4-1ರಿಂದ ಗೆದ್ದಿತು.

ಏಪ್ರಿಲ್ 20ರಂದು ಎವರ್ಟನ್‌ನ ಗುಡಿಸನ್ ಪಾರ್ಕ್‌ನಲ್ಲಿ 2-0ರಿಂದ ಸೋತಾಗ ಚಾಂಪಿಯನ್ಸ್ ಲೀಗ್‌ಗೆ ದಾರಿಯಾಗುವ ಮೊದಲ ನಾಲ್ಕು ಸ್ಥಾನಗಳೊಳಗೆ ಬರುವ ಸಾಧ್ಯತೆ ಲೆಕ್ಕಾಚಾರದಲ್ಲೂ ಮುಗಿಯಿತು. ಚಾಂಪಿಯನ್ಸ್ ಲೀಗ್ ಅರ್ಹತೆ ತಪ್ಪಿದರೆ ಪರಿಹಾರದ ಮೊತ್ತ ಕಡಿಮೆಯಾಗುವ ಷರತ್ತು ಒಪ್ಪಂದದಲ್ಲಿತ್ತೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ಮರುದಿನ, ಮಾಯ್ಸ್‌ಗೆ ಅಧಿಕೃತವಾಗಿ ತಿಳಿಸುವ ಮೊದಲೇ, ಅವರನ್ನು ತೆಗೆಯುವ ಸುದ್ದಿ ಎಲ್ಲ ಕಡೆ ಹರಡಿತು. ಅದರ ಮರುದಿನ ಬೆಳಿಗ್ಗೆ ಘೋಷಣೆ ಹೊರಬಿತ್ತು. ಲೀಗ್ ಮ್ಯಾನೇಜರುಗಳ ಸಂಘ ಕ್ಲಬ್ಬು ನಡೆದುಕೊಂಡ ರೀತಿ ವೃತ್ತಿಗೆ ತಕ್ಕುದಲ್ಲ ಎಂದು ಬಹಿರಂಗವಾಗಿ ಖಂಡಿಸಿತು. ನ್ಯೂಯಾರ್ಕ್ ಷೇರು ಮಾರುಕಟ್ಟೆಯಲ್ಲಿ ಕ್ಲಬ್ಬಿನ ಷೇರಿನ ಬೆಲೆ ಏರಿತು. ಒಟ್ಟು 51 ಪಂದ್ಯ, 27 ಗೆಲುವು, 15 ಸೋಲು. ಲೀಗ್‌ನಲ್ಲಿ ಏಳನೆಯ ಸ್ಥಾನ.

ಎರಡನೆಯ ಬಾರಿಯ ತಪ್ಪು

ಈ ಕ್ಲಬ್ಬಿಗೆ ಇದು ಹೊಸ ಅನುಭವವಾಗಿರಲಿಲ್ಲ. 1945ರಿಂದ ಯುನೈಟೆಡ್ ಕಟ್ಟಿದ ಮ್ಯಾಟ್ ಬಸ್ಬಿ 1968ರಲ್ಲಿ ಯುರೋಪಿಯನ್ ಕಪ್ ಗೆದ್ದು ಮರುವರ್ಷ ಹಿಂದೆ ಸರಿದಾಗ, ಕೇವಲ 31 ವರ್ಷದ ವಿಲ್ಫ್ ಮೆಗಿನ್ನೆಸ್ ಕೈಗೆ ತಂಡ ಬಂದಿತ್ತು. 1970ರ ಡಿಸೆಂಬರ್‌ನಲ್ಲಿ ಬಸ್ಬಿಯೇ ಮರಳಿ ಬಂದು ಋತು ಮುಗಿಸಬೇಕಾಯಿತು. ಬಳಿಕ ಬಂದ ಫ್ರ್ಯಾಂಕ್ ಓಫ್ಯಾರೆಲ್ 1972ರಲ್ಲಿ ಹೋದರು. 1974ರಲ್ಲಿ ಯುನೈಟೆಡ್ ಎರಡನೆಯ ವಿಭಾಗಕ್ಕೆ ಇಳಿಯಿತು. ಅಲ್ಲಿಯೂ ಮುಪ್ಪಾದ ತಂಡ, ಅಲ್ಲಿಯೂ ಒಬ್ಬನ ತಲೆಯಲ್ಲೇ ಉಳಿದಿದ್ದ ಅರಿವು. 1986ರ ನವೆಂಬರ್‌ನಲ್ಲಿ ಬಂದ ಫರ್ಗುಸನ್‌ಗೆ ಮೊದಲ ಟ್ರೋಫಿ ಸಿಗಲು 1990ರವರೆಗೆ ಕಾಯಬೇಕಾಯಿತು ಎಂಬ ಉದಾಹರಣೆಯನ್ನು 2013ರಲ್ಲಿ ಎಲ್ಲರೂ ಕೊಟ್ಟರು. ಆರು ವರ್ಷದ ಒಪ್ಪಂದದ ಹಿಂದೆಯೂ ಅದೇ ಯೋಚನೆ. ಆದರೆ ಫರ್ಗುಸನ್ ಬಂದಾಗ ಕ್ಲಬ್ಬು ಲೀಗ್ ಗೆದ್ದು ಹತ್ತೊಂಬತ್ತು ವರ್ಷ ಕಳೆದಿತ್ತು, ಕಾಯುವುದು ರೂಢಿಯಾಗಿತ್ತು. ಮಾಯ್ಸ್‌ಗೆ ಹೋಲಿಸಿ ನೋಡಬೇಕಾಗಿದ್ದುದು 1986 ಅಲ್ಲ, 1969.

ಮಾಯ್ಸ್ ಅವರ ಮುಂದಿನ ಹಾದಿ ಏರಿಳಿತಗಳದು. ಸ್ಪೇನಿನ ರಿಯಲ್ ಸೊಸಿಯೆದಾದ್‌ನಲ್ಲಿ ಒಂದು ವರ್ಷ, 2016-17ರಲ್ಲಿ ಸಂಡರ್‌ಲ್ಯಾಂಡ್ ಜೊತೆ ಪಟ್ಟಿಯ ತಳ. ವೆಸ್ಟ್ ಹ್ಯಾಮ್ 2019ರ ಡಿಸೆಂಬರ್‌ನಲ್ಲಿ ಎರಡನೆಯ ಬಾರಿ ಕರೆದಾಗ ಅವರು ಮತ್ತೆ ತಮಗೆ ಗೊತ್ತಿದ್ದ ಕೆಲಸಕ್ಕೆ ಮರಳಿದರು: ಕುಸಿಯುತ್ತಿದ್ದ ತಂಡವನ್ನು ಮೊದಲು ಗಟ್ಟಿಮಾಡಿ, ಬಳಿಕ ಒಂದೊಂದೇ ಮೆಟ್ಟಿಲು ಏರಿಸುವುದು. 2023ರ ಜೂನ್ 7ರಂದು ಪ್ರಾಗ್‌ನಲ್ಲಿ ಫಿಯೊರೆಂಟಿನಾ ಎದುರು 2-1ರಿಂದ, ಯುರೋಪಿನ ಮೂರನೆಯ ಹಂತದ ಕ್ಲಬ್ ಟೂರ್ನಿಯಾದ ಕಾನ್ಫರೆನ್ಸ್ ಲೀಗ್ ಗೆದ್ದಾಗ ಅದು 1980ರ ನಂತರ ವೆಸ್ಟ್ ಹ್ಯಾಮ್‌ನ ಮೊದಲ ಪ್ರಮುಖ ಟ್ರೋಫಿ. ಆ ರಾತ್ರಿ ಮಾಯ್ಸ್ ತಮ್ಮ ಪದಕವನ್ನು 87 ವರ್ಷದ ತಂದೆಯ ಕೊರಳಿಗೆ ಹಾಕಿದರು. 2025ರ ಜನವರಿಯಲ್ಲಿ, ಕೆಳಗಿಳಿಯುವ ವಲಯಕ್ಕಿಂತ ಒಂದೇ ಅಂಕ ಮೇಲಿದ್ದ ಎವರ್ಟನ್‌ಗೆ ಮರಳಿ, ಋತುವಿನ ಕೊನೆಗೆ 13ನೇ ಸ್ಥಾನಕ್ಕೆ ಏರಿಸಿದರು. ಅದೇ ಋತುವಿನಲ್ಲಿ ಯುನೈಟೆಡ್ 15ನೇ ಸ್ಥಾನದಲ್ಲಿ ಮುಗಿಸಿತು.

ಆ ಒಂದು ಸಾಲಿನ ಆಧಾರದ ಮೇಲೆ ಮಾಯ್ಸ್ ಸರಿಯಾಗಿದ್ದರು ಎಂದು ತೀರ್ಮಾನಿಸುವುದು ನ್ಯಾಯವಲ್ಲ. ಫುಲಮ್ ಎದುರಿನ ಆ ಕ್ರಾಸ್‌ಗಳಿಗೆ ಹೊಣೆ ಅವರೇ. ಆದರೆ ಅವರ ನಂತರ ಲೂಯಿ ವಾನ್ ಹಾಲ್, ಜೋಸೆ ಮೊರಿನ್ಹೊ ಅವರಂಥ, ಯುರೋಪಿನಲ್ಲೇ ಅತಿ ಹೆಚ್ಚು ಗೆದ್ದವರ ಸಾಲಿನ ಹೆಸರುಗಳು ಬಂದೂ, 2013ರ ಕಿರೀಟದ ನಂತರದ ಹನ್ನೆರಡು ಋತುಗಳಲ್ಲಿ ಯುನೈಟೆಡ್ ಒಮ್ಮೆಯೂ ಲೀಗ್ ಗೆಲ್ಲಲಿಲ್ಲ. ಮ್ಯಾನೇಜರ್ ಬದಲಾದರೂ ಆಟಗಾರರ ಆಯ್ಕೆಯ ನೀತಿ ಬದಲಾಗದಂತೆ ಕಾಯುವ ಫುಟ್‌ಬಾಲ್ ನಿರ್ದೇಶಕನ ಹುದ್ದೆಯನ್ನು ಕ್ಲಬ್ಬು ಮೊದಲ ಬಾರಿಗೆ ತುಂಬಿದ್ದು 2021ರ ಮಾರ್ಚ್‌ನಲ್ಲಿ. ಅದಕ್ಕೆ ನೇಮಕಗೊಂಡ ಜಾನ್ ಮರ್ಟೊ, ಹಿಂದೆ ಎವರ್ಟನ್‌ನಲ್ಲಿ ಮಾಯ್ಸ್ ಜೊತೆ ಕೆಲಸ ಮಾಡಿ, ಮಾಯ್ಸ್ ಅವಧಿಯಲ್ಲೇ ಯುನೈಟೆಡ್‌ಗೆ ಬಂದವರು.